ಬಿಸಿಲೂರಿನ ತೋಟಕ್ಕೆ ಮಳೆಯೂರಿನ ಗಡಿಯಾರ ಯಾಕೆ?

ಮಳೆಗೆ ಹೆದರಿ ಮಾಡಿದ ಗಡಿಯಾರ ಬಳ್ಳಾರಿ ಬಿಸಿಲಿಗೆ ತಾಳುವುದಿಲ್ಲ. ನಮ್ಮೂರಲ್ಲಿ ಈಗ ಮನೆ ಮುಂದೆ ಚಿಕ್ಕದೊಂದು ತೋಟ ಮಾಡಿಕೊಂಡವರು ಅಲ್ಲಿಗೆ ತಾವೇ ಒಂದು ಗಡಿಯಾರ ಮಾಡಿ ಹಾಕಬೇಕು ಅಂತ ಆಸೆಪಡುತ್ತಾರೆ. ತುಂಬಾ ಒಳ್ಳೆಯ ಆಸೆ. ಆದರೆ ನೋಡಿ ಕಲಿಯುವ ವಿಡಿಯೊಗಳೆಲ್ಲ ನಾನೀಗ ಇರುವ ಇಂಗ್ಲೆಂಡಿನಂಥ ಊರುಗಳವು. ಅವರು ಹೇಳುವುದು ಸರಿಯೇ, ಅವರ ಹವಾಮಾನಕ್ಕೆ.

ಲೀಡ್ಸಿನಲ್ಲಿ ನನ್ನ ಅಕ್ಕಪಕ್ಕದವರು ಇದನ್ನು ಮಾಡುವುದನ್ನು ಹತ್ತಿರದಿಂದ ನೋಡಿದ್ದೇನೆ. ಮರೈನ್ ಪ್ಲೈವುಡ್ಡನ್ನು ಗುಂಡಗೆ ಕೊಯ್ದು, ಕೊಯ್ದ ಅಂಚಿಗೆ ಮೇಲಿಂದ ಮೇಲೆ ವಾರ್ನಿಷ್ ಹಚ್ಚುತ್ತಾರೆ, ಯಾಕಂದರೆ ಪ್ಲೈವುಡ್ಡು ಜಾಸ್ತಿ ನೀರು ಕುಡಿಯುವುದೇ ಆ ಅಂಚಿನಿಂದ. ಮುಳ್ಳು ಕೂರುವ ತೂತಿಗೆ ರಬ್ಬರ್ ವಾಷರ್, ಹಿಂದಿನ ಮಷೀನಿಗೆ ಪ್ಲಾಸ್ಟಿಕ್ ಡಬ್ಬಿ, ಸುತ್ತ ಸಿಲಿಕೋನ್. ಬಿರುಕಿಗೆ ಇಳಿದ ನೀರು ಚಳಿಗೆ ಹೆಪ್ಪುಗಟ್ಟಿದರೆ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ, ಬಣ್ಣವನ್ನು ಬುಡಸಮೇತ ಎಬ್ಬಿಸುತ್ತದೆ. ಹಾಗಾಗಿ ಅವರಿಗೆ ಇರುವುದು ಒಂದೇ ಚಿಂತೆ, ನೀರು.

ನಮಗೆ ನೀರಿನ ಚಿಂತೆ ಇರುವುದು ವರ್ಷದಲ್ಲಿ ಕೆಲವೇ ತಿಂಗಳು. ಬಳ್ಳಾರಿ, ರಾಯಚೂರಲ್ಲಿ ಏಪ್ರಿಲ್, ಮೇನಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ, ಇನ್ನು ಬಿಸಿಲಿಗೆ ಮುಖ ಕೊಟ್ಟ ಕಪ್ಪು ಡಯಲ್ ಮುಟ್ಟಲಿಕ್ಕೂ ಆಗುವುದಿಲ್ಲ. ಗಾಳಿಯೂ ಆಡದಂತೆ ಮುಚ್ಚಿದ ಡಬ್ಬಿಯೊಳಗೆ ಆ ಕಾವು ಹಾಗೇ ನಿಲ್ಲುತ್ತದೆ. ಸೆಲ್ ಬೇಗ ಸೋರುತ್ತದೆ. ಗನ್ನಿನಲ್ಲಿ ಕರಗಿಸಿ ಹಚ್ಚುವ ಅಂಟು ಮೆತ್ತಗಾಗುತ್ತದೆ, ಸ್ಟಿಕರ್ ಅಂಕಿಗಳು ಅಂಚಿನಿಂದ ಸುರುಳಿ ಸುತ್ತಿಕೊಳ್ಳುತ್ತವೆ.

ಗಂಟೆಯೂ ತಪ್ಪುತ್ತದೆ. ಸೆಲ್ಲಿನಲ್ಲಿ ಓಡುವ ಈ ಕ್ವಾರ್ಟ್ಜ್ ಮಷೀನಿನೊಳಗಿನ ಹರಳು ಸೆಕೆಂಡಿಗೆ 32,768 ಸಲ ಅದುರುತ್ತದೆ, ಆ ಎಣಿಕೆಯ ಮೇಲೇ ಮುಳ್ಳು ಓಡುವುದು. ಹೆಚ್ಚಿನ ಹರಳುಗಳನ್ನು 25 ಡಿಗ್ರಿ ಆಸುಪಾಸಿಗೆ ಹೊಂದಿಸಿರುತ್ತಾರೆ. ಅದಕ್ಕಿಂತ ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ. 5 ಡಿಗ್ರಿಯಲ್ಲಿ ದಿನಕ್ಕೆ ಒಂದು ಸೆಕೆಂಡಿನಷ್ಟು ಹಿಂದೆ ಬಿದ್ದರೆ, 60 ಡಿಗ್ರಿಯ ಡಬ್ಬಿಯಲ್ಲಿ ಮೂರೂವರೆ ಸೆಕೆಂಡು. ಅಂದರೆ ಗಡಿಯಾರದ ಮಟ್ಟಿಗೆ ಲೀಡ್ಸಿನ ಚಳಿಗಿಂತ ನಮ್ಮ ಬೇಸಿಗೆಯೇ ಕಷ್ಟ.

ಅದಕ್ಕೇ ನಾನು ಹೇಳುವುದು, ನಮ್ಮ ಕಡೆ ಕಲ್ಲಿನಲ್ಲಿ ಮಾಡಿ. ಕುಷ್ಟಗಿ ಸುತ್ತ ಗ್ರಾನೈಟ್ ಇದೆ, ಅದನ್ನು ಕೊಯ್ಯುವವರು, ತೂತು ಹೊಡೆಯುವವರು, ಅಕ್ಷರ ಕೆತ್ತುವವರು ಅಲ್ಲೇ ಇದ್ದಾರೆ. ನಾನು ಊರಿಗೆ ಹೋದಾಗ ಕಪ್ಪು ಕಲ್ಲು ಕೇಳಿದ್ದಕ್ಕೆ ಕೆಲಸದ ಅಣ್ಣ ತಕ್ಷಣ, "ಕರೀದು ಬ್ಯಾಡ್ರೀ, ಸುಡತೈತಿ, ತಿಳಿ ಬಣ್ಣದ್ದು ತಗೋರಿ" ಅಂದರು. ಯಾವ ವಿಡಿಯೊದಲ್ಲೂ ಇದನ್ನು ಹೇಳಿದ್ದು ನಾನು ನೋಡಿಲ್ಲ. 30 ಸೆಂಟಿಮೀಟರ್ ಅಗಲದ, 18 ಮಿಲಿಮೀಟರ್ ದಪ್ಪದ ಗುಂಡು ಕಲ್ಲು ಮೂರೂವರೆ ಕೆಜಿ ಹತ್ತಿರ ತೂಗುತ್ತದೆ, ಗೋಡೆಗೆ ಗಟ್ಟಿ ಬೋಲ್ಟ್ ಬೇಕು. ಮಷೀನಿನ ದಂಡ ಕಲ್ಲಿನ ದಪ್ಪಕ್ಕಿಂತ ಉದ್ದ ಇರಬೇಕು, ಇಲ್ಲವೇ ಹಿಂದೆ ಗುಂಡಿ ಕೊರೆಸಿ. ಅಂಕಿಗಳನ್ನು ೧, ೨, ೩ ಅಂತ ಕನ್ನಡದಲ್ಲೇ ಕೆತ್ತಿಸಿ, ಕೆತ್ತಿದ ಅಂಕಿಗೆ ಸಿಪ್ಪೆ ಏಳುವ ಭಯ ಇಲ್ಲ. ಡಬ್ಬಿಗೆ ಮೇಲೆ, ಪಕ್ಕ ಸಿಲಿಕೋನ್ ಹಚ್ಚಿ, ಕೆಳಗಡೆ ಗಾಳಿಯಾಡಲು ತೂತು ಬಿಟ್ಟು ಸಣ್ಣ ಜಾಲರಿ ಹಾಕಿ. ಕೆಂಪು ಧೂಳು, ಆಷಾಢದ ಗಾಳಿ ಎರಡೂ ಇರುವ ಊರು ನಮ್ಮದು, ಹಾಗಾಗಿ ಮುಳ್ಳುಗಳ ಮುಂದೆ ಗಾಜು ಇದ್ದರೆ ಒಳ್ಳೆಯದು.

ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಮಾಡುವ ಬಣ್ಣದ ಮರದ ಕೆಲಸ ನನಗೆ ಪ್ರಾಣ. ಹಗುರ ಮರ, ಹುಣಸೆಬೀಜದ ಅಂಟು, ಆ ಬಣ್ಣಗಳು! ಆದರೆ ದಯವಿಟ್ಟು ಅದನ್ನು ಬಯಲಿಗೆ ಹಾಕಬೇಡಿ, ಪಡಸಾಲೆಯಲ್ಲಿ ಹಾಕಿ.

ಗೋಡೆಯಂತೂ ಪಡುವಣದ್ದು ಬೇಡವೇ ಬೇಡ, ಇಡೀ ಮಧ್ಯಾಹ್ನದ ಬಿಸಿಲು ಅದರ ಮೇಲೇ. ಬಡಗಣ ದಿಕ್ಕಿಗೆ ಮುಖ ಮಾಡಿದ ಗೋಡೆ ಒಳ್ಳೆಯದು. ಅದಕ್ಕೂ ಒಂದು ಚಿಕ್ಕ ಸಜ್ಜಾ ಬೇಕು, ಯಾಕಂದರೆ ಬಳ್ಳಾರಿಯಲ್ಲಿ ಮೇ ಮೊದಲ ದಿನಗಳಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಲೀಡ್ಸಿನಲ್ಲಿ ನಡುಹಗಲಿಗೆ ಸೂರ್ಯ ಯಾವತ್ತೂ ದಕ್ಷಿಣಕ್ಕೇ.

ಸೆಲ್ಲು, ಮಷೀನು ಯಾವ ರಗಳೆಯೂ ಬೇಡ ಅನ್ನುವವರಿಗೆ ನೆರಳು ಗಡಿಯಾರ ಇದೆ. ನಮ್ಮಷ್ಟು ಬಿಸಿಲಿರುವ ಊರಲ್ಲಿ ಅದಕ್ಕಿಂತ ಚೆಂದದ್ದು ಇನ್ನೇನು ಬೇಕು? ಇಂಗ್ಲೆಂಡಿನ ತೋಟಗಳಲ್ಲಿ ಮೋಡದ ಕೆಳಗೆ ಅವು ಸುಮ್ನೆ ಅಲಂಕಾರಕ್ಕೆ ನಿಂತಿರುವುದನ್ನು ಕಂಡಾಗೆಲ್ಲ ನನಗೆ ಬಳ್ಳಾರಿ ನೆನಪಾಗುತ್ತದೆ. ಆದರೆ ಅಲ್ಲಿಂದ ಕೊಂಡು ತರಬೇಡಿ. ನೆರಳು ಬೀಳಿಸುವ ಓರೆ ಪಟ್ಟಿ ಗಡಿಯಾರ ಇಡುವ ಊರಿನ ಅಕ್ಷಾಂಶದಷ್ಟೇ ಕೋನದಲ್ಲಿ, ಉತ್ತರಕ್ಕೆ ಏರಿರಬೇಕು. ಲೀಡ್ಸಿಗೆ ಸುಮಾರು 54 ಡಿಗ್ರಿ, ಬಳ್ಳಾರಿಗೆ 15. ಗಂಟೆಗೆರೆಗಳ ಅಂತರವೂ ಬೇರೆ. ನಮ್ಮ ದೇಶದ ಗಂಟೆ 82.5 ಡಿಗ್ರಿ ರೇಖಾಂಶದ ಲೆಕ್ಕ, ನಾವಿರುವುದು ಅದಕ್ಕಿಂತ ಪಶ್ಚಿಮಕ್ಕೆ. ಹಾಗಾಗಿ ನೆರಳು 12 ತೋರಿಸುವಾಗ ಮೊಬೈಲಿನಲ್ಲಿ ಸರಾಸರಿ 12 ಗಂಟೆ 22 ನಿಮಿಷ ಆಗಿರುತ್ತದೆ, ತಿಂಗಳಿಗೆ ತಕ್ಕಂತೆ ಕಾಲು ಗಂಟೆ ಹಿಂದೆ ಮುಂದೆ. ಆ ತಿಂಗಳವಾರು ಪಟ್ಟಿಯನ್ನೂ ಕಲ್ಲಿನ ಅಂಚಿನಲ್ಲೇ ಕೆತ್ತಿಸಿಬಿಡಿ.