ಚಪ್ಪಾಳೆ ತಟ್ಟಿದರೆ ಎಷ್ಟು ಕ್ಯಾಲರಿ?

ನಮ್ಮ ತೂಕ ಇಳಿಸುವ ಗುಂಪು ಸೇರುವುದು ಎರಡನೇ ಮಹಡಿಯಲ್ಲಿ. ಲಿಫ್ಟ್ ಮುಂದೆ ಸಾಲು ನಿಂತಿರುತ್ತದೆ. ಪಕ್ಕದಲ್ಲೇ ಮೆಟ್ಟಿಲಿದೆ, ಒಟ್ಟು ಮೂವತ್ತೆರಡು. ಈ ಲೆಕ್ಕ ನನಗೆ ಗೊತ್ತಾದದ್ದು ಒಂದು ದಿನ ಲಿಫ್ಟ್ ಕೆಟ್ಟಾಗ. ಅವತ್ತು ಅರ್ಧ ಜನ ಕೆಳಗಿಂದಲೇ ವಾಪಸ್ ಹೋದರು. ಹತ್ತಿ ಬಂದವರು ಹತ್ತು ನಿಮಿಷ ಸುಧಾರಿಸಿಕೊಂಡು, ನೀರು ಕುಡಿದು, ಆಮೇಲೆ ಅವತ್ತಿನ ವಿಷಯ ಚರ್ಚಿಸಿದರು. ವಿಷಯ: ‘ದಿನನಿತ್ಯದ ಬದುಕಿನಲ್ಲಿ ವ್ಯಾಯಾಮ’.

ಒಳಗೆ ಹೋದ ಕೂಡಲೇ ತೂಕ. ಯಂತ್ರ ಹತ್ತುವ ಮುಂಚೆ ಜನ ಏನೇನು ಕಳಚಿಡುತ್ತಾರೆ ನೋಡಬೇಕು. ಬೆಲ್ಟು, ವಾಚು, ಕೀಗೊಂಚಲು, ಜೇಬಿನ ಚಿಲ್ಲರೆ, ಕೊನೆಗೆ ಕನ್ನಡಕ. ಕನ್ನಡಕ ತೆಗೆದವರಿಗೆ ಅಂಕಿ ಕಾಣಿಸುವುದಿಲ್ಲ, ಅದೂ ಒಂದು ಅನುಕೂಲವೇ ಬಿಡಿ. ಒಬ್ಬರಂತೂ ಉಸಿರನ್ನೆಲ್ಲ ಹೊರಗೆ ಬಿಟ್ಟು ಹತ್ತುತ್ತಾರೆ. ಗಾಳಿಗೂ ತೂಕ ಇದೆಯಲ್ಲ! ನಾನೇನು ಕಡಿಮೆಯಿಲ್ಲ. ಹಿಂದಿನ ರಾತ್ರಿ ಊಟ ಬಿಟ್ಟು, ಬೆಳಿಗ್ಗೆ ನೀರೂ ಮುಟ್ಟದೆ ಬರುತ್ತೇನೆ. ಆರು ದಿನ ಕಟ್ಟದ ಬಾಯಿಯನ್ನು ಏಳನೇ ದಿನ ಒಟ್ಟಿಗೆ ಕಟ್ಟುತ್ತೇನೆ.

ಅಂಕಿ ಇಳಿದಿದ್ದರೆ ಚಪ್ಪಾಳೆ. 200 ಗ್ರಾಂಗೆ ಕೂತಲ್ಲೇ ಚಪ್ಪಾಳೆ, ಅರ್ಧ ಕೆಜಿಗೆ ಎದ್ದು ನಿಂತು ಚಪ್ಪಾಳೆ, ಒಂದು ಕೆಜಿಗೆ ಚಪ್ಪಾಳೆ ಜೊತೆ ಪುಸ್ತಕಕ್ಕೆ ನಕ್ಷತ್ರದ ಸ್ಟಿಕ್ಕರ್. ಒಂದೂವರೆ ಗಂಟೆಯ ಸಭೆಯಲ್ಲಿ ನಮ್ಮ ಮೈ ಅಲ್ಲಾಡುವುದು ಇದೊಂದರಲ್ಲೇ. ಒಂದು ವಾರ ತುಂಬಾ ಜನ ಇಳಿದಿದ್ದರು. ಮನೆಗೆ ಬಂದು ನೋಡಿದರೆ ನನ್ನ ವಾಚು ಆ ಚಪ್ಪಾಳೆಯನ್ನೆಲ್ಲ ನಡಿಗೆ ಅಂದುಕೊಂಡು 210 ಹೆಜ್ಜೆ ಜಮಾ ಮಾಡಿತ್ತು. ಅಳಿಸಲು ಮನಸ್ಸಾಗಲಿಲ್ಲ.

ಹಾಗೆ ನೋಡಿದರೆ ಇಂಥ ಗುಂಪು ಹುಟ್ಟಿದ್ದೇ ಕೂತು ಮಾತಾಡಲು. 1961ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಜೀನ್ ನಿಡೆಚ್ ಎಂಬ ಗೃಹಿಣಿ ಆರು ಜನ ಗೆಳತಿಯರನ್ನು ಮನೆಗೆ ಕರೆದು, ತನಗಿದ್ದ ಬಿಸ್ಕತ್ತಿನ ಚಪಲವನ್ನು ಬಾಯಿಬಿಟ್ಟು ಹೇಳಿಕೊಂಡರು. ಅವರೂ ತಮ್ಮ ತಮ್ಮ ಗುಟ್ಟು ಹೇಳಿದರು. ಎರಡೇ ವರ್ಷಕ್ಕೆ, 1963ರಲ್ಲಿ, ಅದು ವೇಟ್ ವಾಚರ್ಸ್ ಕಂಪನಿಯಾಯಿತು. ಅಲ್ಲಿ ಕೆಲಸ ಮಾಡಿದ್ದು ಬಾಯಿ. ತಿನ್ನುವುದನ್ನು ಕಡಿಮೆ ಮಾಡಿತು, ಮಾತಾಡುವುದನ್ನು ಜಾಸ್ತಿ ಮಾಡಿತು. ಮೈ ಬಗ್ಗಿಸುವ ಮಾತು ಆಮೇಲೆ ಬಂದು ಸೇರಿಕೊಂಡಿದ್ದು.

ಈಗ ಅದು ಎಷ್ಟು ಸೇರಿಕೊಂಡಿದೆ ಎಂದರೆ, ನಮ್ಮ ಗೋಡೆಯ ಮೇಲೆ ತಿನ್ನುವವರ ಚಿತ್ರವೇ ಇಲ್ಲ. ಇರುವುದೆಲ್ಲ ಓಡುವವರದ್ದು. ಅವರೆಲ್ಲ ಓಡುತ್ತಾ ನಗುತ್ತಿದ್ದಾರೆ. ಓಡುವಾಗ ನಗುವವರನ್ನು ನಾನು ಪೋಸ್ಟರಿನಲ್ಲಿ ಮಾತ್ರ ನೋಡಿದ್ದೇನೆ. ಅವರಲ್ಲಿ ಒಬ್ಬರಿಗೂ ಇಳಿಸಲು ತೂಕವೇ ಇಲ್ಲ. ಇಲ್ಲಿಗೆ ಯಾಕೆ ಬಂದರೋ ಪಾಪ.

ನಮ್ಮ ಕೋಚ್ ಮೇಡಂ ಕಾರ್ಯಕ್ರಮದ ಹೆಮ್ಮೆ ‘ಗಳಿಸಿ ತಿನ್ನಿ’ ಎಂಬ ಯೋಜನೆ. ವ್ಯಾಯಾಮ ಮಾಡಿದರೆ ಪಾಯಿಂಟ್. ಪಾಯಿಂಟ್ ಇದ್ದರೆ ತಿನ್ನಬಹುದು. ಅಂದರೆ ತೂಕ ಇಳಿಸಲು ನಡೆಯಬೇಕು, ನಡೆದದ್ದಕ್ಕೆ ಬಹುಮಾನವಾಗಿ ತಿನ್ನಬೇಕು, ತಿಂದದ್ದನ್ನು ಇಳಿಸಲು ಮತ್ತೆ ನಡೆಯಬೇಕು. ಸಾಲ ತೀರಿಸಲು ಸಾಲ ಮಾಡಿದ ಹಾಗೆ. ಕಿಸೆಗೆ ಏನೂ ಉಳಿಯುವುದಿಲ್ಲ, ಆದರೆ ವ್ಯವಹಾರ ಜೋರಾಗಿ ನಡೆಯುತ್ತಿರುತ್ತದೆ.

ನಾನು ಒಂದು ಸಲ ಕಾಗದ ಪೆನ್ನು ಹಿಡಿದು ಕೂತೆ. 70 ಕೆಜಿ ಇರುವವರು ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಹೆಚ್ಚೂಕಡಿಮೆ 140 ಕ್ಯಾಲರಿ. ಅದರಲ್ಲೂ ಒಂದು 35 ಕ್ಯಾಲರಿ ಸುಮ್ನೆ ಕೂತಿದ್ದರೂ ಖರ್ಚಾಗುತ್ತಿತ್ತು. ನಿಜವಾದ ಗಳಿಕೆ 105. ಮೈಯಲ್ಲಿರುವ ಒಂದು ಕೆಜಿ ಕೊಬ್ಬು ಎಂದರೆ ಸುಮಾರು 7,700 ಕ್ಯಾಲರಿ. ಭಾಗಿಸಿ ನೋಡಿ. ಒಂದು ಕೆಜಿಗೆ ಎಪ್ಪತ್ತಕ್ಕೂ ಜಾಸ್ತಿ ಸಲ ಅರ್ಧರ್ಧ ಗಂಟೆ ನಡೆಯಬೇಕು, ಅದೂ ಒಂದು ತುತ್ತು ಹೆಚ್ಚಿಗೆ ತಿನ್ನದೆ. ತಿನ್ನುವುದಕ್ಕೋ, 105 ಕ್ಯಾಲರಿಗೆ ಎರಡು ಬಿಸ್ಕತ್ತು ಸಾಕು. ನಡೆಯಲು ಅರ್ಧ ಗಂಟೆ, ತಿನ್ನಲು ಅರ್ಧ ನಿಮಿಷ. ಈ ಲೆಕ್ಕವನ್ನು ಸಭೆಯಲ್ಲಿ ಹೇಳಿದೆ. ಮೇಡಂ ಮುಖ ಸಣ್ಣದಾಯಿತು. ‘ನೆಗೆಟಿವ್ ಆಗಿ ಯೋಚಿಸಬೇಡಿ ಸರ್’ ಎಂದರು. ಭಾಗಾಕಾರ ನೆಗೆಟಿವ್ ಎಂದು ನನಗೆ ಅವತ್ತೇ ಗೊತ್ತಾದದ್ದು.

ಕಾಗದ ಬೇಡ, ವಾಚು ನಂಬಿ ಎಂದರು ಪಕ್ಕದ ಕುರ್ಚಿಯವರು. ಅವರ ವಾಚು ಉದಾರಿ. ಹಾಲಿನ ಪ್ಯಾಕೆಟ್ ತರಲು ಹೋಗಿ ಬಂದರೆ ಪಟಾಕಿ ಹಾರಿಸಿ ಅಭಿನಂದನೆ ಹೇಳುತ್ತದೆ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಕೈಗೆ ಕಟ್ಟುವ ಏಳು ಬಗೆಯ ಇಂಥ ಸಾಧನಗಳನ್ನು ಪರೀಕ್ಷೆ ಮಾಡಿದ್ದರು. ಎದೆಬಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಅಳೆದವು. ಕ್ಯಾಲರಿ ವಿಷಯಕ್ಕೆ ಬಂದಾಗ ಇದ್ದುದರಲ್ಲಿ ಒಳ್ಳೆಯದೇ ಸರಾಸರಿ 27 ಶೇಕಡಾ ತಪ್ಪು ಹೇಳಿತು. ತೀರಾ ಕೆಟ್ಟದ್ದು 93 ಶೇಕಡಾ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇಷ್ಟು ತಪ್ಪಿದ್ದರೆ ನಾವು ಸುಮ್ಮನಿರುತ್ತಿದ್ದೆವಾ? ಆದರೆ ಇದೇ ಪಾಸ್‌ಬುಕ್ ತೋರಿಸಿ ನಾವು ಸಿಹಿ ಡ್ರಾ ಮಾಡಿಕೊಳ್ಳುತ್ತೇವೆ.

ಇನ್ನು ಹತ್ತು ಸಾವಿರ ಹೆಜ್ಜೆಯ ಕತೆ. ನಮ್ಮ ಗುಂಪಿನಲ್ಲಿ ಅದು ದೇವರ ವಾಕ್ಯ. ಅದು ಹುಟ್ಟಿದ್ದು 1965ರಲ್ಲಿ, ಜಪಾನಿನ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಾಗಿ. ‘ಮಾನ್‌ಪೊ-ಕೇ’, ಅಂದರೆ ಹತ್ತು ಸಾವಿರ ಹೆಜ್ಜೆ ಮಾಪಕ. ಹಿಂದಿನ ವರ್ಷ ಟೋಕಿಯೋದಲ್ಲಿ ಒಲಿಂಪಿಕ್ಸ್ ಮುಗಿದಿತ್ತು, ಯಂತ್ರ ಮಾರಬೇಕಿತ್ತು, ಗುಂಡಗಿನ ಒಂದು ಸಂಖ್ಯೆ ಬೇಕಿತ್ತು. ಈಗ ಆ ಮಾರಾಟದ ಹೆಸರಿಗಾಗಿ ನಮ್ಮವರು ರಾತ್ರಿ ಹನ್ನೊಂದು ಮುಕ್ಕಾಲಿಗೆ ಹಾಸಿಗೆ ಸುತ್ತ ಪ್ರದಕ್ಷಿಣೆ ಹಾಕುತ್ತಾರೆ. ಹನ್ನೆರಡರ ಒಳಗೆ ಸ್ಕ್ರೀನ್‌ಶಾಟ್ ಗ್ರೂಪಿಗೆ ಬೀಳಬೇಕು. ಒಬ್ಬರು ವಾಚನ್ನು ಐದು ವರ್ಷದ ಮೊಮ್ಮಗನ ಕೈಗೆ ಕಟ್ಟಿ ಮಲಗಿಬಿಟ್ಟರು. ಆ ದಿನದ ಲೆಕ್ಕ 19,400. ಚಾಂಪಿಯನ್ ಎಂದು ಅಜ್ಜನ ಫೋಟೊ ಹಾಕಿದರು. ಮೊಮ್ಮಗನಿಗೆ ಒಂದು ಸ್ಟಿಕ್ಕರೂ ಇಲ್ಲ.

ಇವರೆಲ್ಲರ ನಡುವೆ ಮೇಷ್ಟ್ರು ಒಬ್ಬರಿದ್ದರು. ರಿಟೈರ್ ಆದವರು, ಮೂರನೇ ಸಾಲಿನಲ್ಲಿ ಕೂರುವವರು, ಮಾತು ಕಡಿಮೆ. ವಾಚಿಲ್ಲ, ಸ್ಕ್ರೀನ್‌ಶಾಟಿಲ್ಲ. ಗುಂಪು ಸೇರಿದ ದಿನದಿಂದ ದಿನಾ ಮುಕ್ಕಾಲು ಗಂಟೆ ನಡೆಯುತ್ತಿದ್ದರು, ವಾರಕ್ಕೆ ಎರಡು ಸಲ ಡಂಬೆಲ್ ಎತ್ತುತ್ತಿದ್ದರು. ನಮ್ಮ ಇಡೀ ಗುಂಪಿನಲ್ಲಿ ಪುಸ್ತಕದಲ್ಲಿ ಬರೆದದ್ದನ್ನು ಬರೆದ ಹಾಗೆ ಮಾಡಿದ ಏಕೈಕ ಮನುಷ್ಯ.

ಮೂರನೇ ವಾರ ಯಂತ್ರ ಹತ್ತಿದರು. 400 ಗ್ರಾಂ ಜಾಸ್ತಿ.

ಕೋಣೆಯಲ್ಲಿ ಸದ್ದಿಲ್ಲ. ಮೇಡಂ ತಲೆಯನ್ನು ಒಂದು ಕಡೆ ವಾಲಿಸಿ, ದನಿ ಮೆದು ಮಾಡಿ, ‘ಪರವಾಗಿಲ್ಲ ಸರ್, ಆಗುತ್ತೆ. ಈ ವಾರ ಏನೇನು ತಿಂದ್ರಿ ಅಂತ ಸ್ವಲ್ಪ ನೆನಪು ಮಾಡ್ಕೊಳ್ಳಿ’ ಎಂದರು. ಕದ್ದು ಸಿಕ್ಕಿಬಿದ್ದ ಹುಡುಗನ ಜೊತೆ ಮಾತಾಡುವ ದನಿ. ನಲವತ್ತು ವರ್ಷ ಹುಡುಗರ ಜೊತೆ ಅದೇ ದನಿಯಲ್ಲಿ ಮಾತಾಡಿದ್ದ ಮೇಷ್ಟ್ರು ತುಟಿ ಪಿಟಕ್ಕೆನ್ನದೆ ಕೆಳಗಿಳಿದರು.

ಅವರ ಹಿಂದೆ ಯಂತ್ರ ಹತ್ತಿದವರಿಗೆ 1.4 ಕೆಜಿ ಇಳಿದಿತ್ತು. ಎಲ್ಲರೂ ಎದ್ದು ನಿಂತೆವು. ನಕ್ಷತ್ರ ಅಂಟಿಸಿದರು. ‘ನಿಮ್ಮ ಸಾಧನೆಯ ಗುಟ್ಟು ಹಂಚ್ಕೊಳ್ಳಿ’ ಎಂದು ಮೈಕ್ ಕೊಟ್ಟರು. ಅವರು ಸಂಕೋಚದಿಂದ, ಮೂರು ದಿನದಿಂದ ಹೊಟ್ಟೆ ಕೆಟ್ಟಿದೆ ಎಂದರು. ಚಪ್ಪಾಳೆ ಅಷ್ಟರಲ್ಲಿ ಶುರುವಾಗಿತ್ತು, ನಿಲ್ಲಿಸಲು ಆಗಲಿಲ್ಲ.

ಮೇಷ್ಟ್ರ 400 ಗ್ರಾಂ ಎಲ್ಲಿಂದ ಬಂತು? ಹೊಸದಾಗಿ ವ್ಯಾಯಾಮ ಶುರು ಮಾಡಿದವರ ಸ್ನಾಯು ನೋಯುತ್ತದೆ, ನೋಯುವ ಸ್ನಾಯು ನೀರು ಹಿಡಿದುಕೊಳ್ಳುತ್ತದೆ. ಮುಂದಿನ ದಿನಕ್ಕೆ ಬೇಕೆಂದು ಅದು ಸಕ್ಕರೆಯನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ, ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಬರುತ್ತದೆ. ಯಂತ್ರಕ್ಕೆ ಇದೆಲ್ಲ ಏನು ಗೊತ್ತು? ಅದಕ್ಕೆ ನೀರೂ ಒಂದೇ, ಕೊಬ್ಬೂ ಒಂದೇ, ಜೇಬಿನ ಚಿಲ್ಲರೆಯೂ ಒಂದೇ. ಗೊತ್ತಿರಬೇಕಾದವರು ಯಂತ್ರದ ಪಕ್ಕ ಸ್ಟಿಕ್ಕರ್ ಹಿಡಿದು ನಿಂತಿದ್ದರು.

ಐದನೇ ವಾರ ಮೇಷ್ಟ್ರು ರಕ್ತ ಪರೀಕ್ಷೆಯ ಚೀಟಿ ತಂದು ತೋರಿಸಿದರು. ಸಕ್ಕರೆ ಇಳಿದಿತ್ತು. ಬಿಪಿಯೂ ಇಳಿದಿತ್ತು. ಮೇಡಂ ಪುಸ್ತಕ ತಿರುವಿ ತಿರುವಿ ನೋಡಿದರು. ಅದನ್ನು ಬರೆಯಲು ಕಾಲಂ ಇರಲಿಲ್ಲ. ಅಮೆರಿಕದಲ್ಲಿ 3,234 ಜನರ ಮೇಲೆ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2002ರಲ್ಲಿ ಬಂತು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಜನ ಅವರು. ವಾರಕ್ಕೆ 150 ನಿಮಿಷ ವ್ಯಾಯಾಮ, 7 ಶೇಕಡಾ ತೂಕ ಇಳಿಕೆ ಎಂಬ ಗುರಿ ಇಟ್ಟುಕೊಂಡವರಲ್ಲಿ ಕಾಯಿಲೆ ಬರುವುದು 58 ಶೇಕಡಾ ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದವರಲ್ಲಿ 31. ಮಾತ್ರೆಯನ್ನೇ ಹಿಂದೆ ಹಾಕಿದ ವಿಷಯಕ್ಕೆ ನಮ್ಮಲ್ಲಿ ಸ್ಟಿಕ್ಕರ್ ಇಲ್ಲ, ಹೊಟ್ಟೆ ಕೆಟ್ಟರೆ ಇದೆ.

ಹನ್ನೆರಡನೇ ವಾರ ಸಮಾರೋಪ. ಸರ್ಟಿಫಿಕೇಟು, ಗ್ರೂಪ್ ಫೋಟೊ. ನನಗೆ ಐದು ಕೆಜಿ ಇಳಿದಿತ್ತು, ಬಹುಪಾಲು ಬಾಯಿ ಕಟ್ಟಿದ್ದರಿಂದ. ಈ ಇಡೀ ನಾಟಕದಲ್ಲಿ ನನಗೆ ತೀರಾ ತಮಾಷೆ ಅನ್ನಿಸುವುದು ಇದೇ. ಅಮೆರಿಕದಲ್ಲಿ 1994ರಿಂದ ನ್ಯಾಷನಲ್ ವೇಟ್ ಕಂಟ್ರೋಲ್ ರಿಜಿಸ್ಟ್ರಿ ಎಂಬ ಒಂದು ಪಟ್ಟಿ ಇದೆ. ಕನಿಷ್ಠ 13.6 ಕೆಜಿ ಇಳಿಸಿ, ಒಂದು ವರ್ಷವಾದರೂ ಅದನ್ನು ಉಳಿಸಿಕೊಂಡವರಿಗೆ ಮಾತ್ರ ಅದರಲ್ಲಿ ಜಾಗ. ಅವರಲ್ಲಿ 90 ಶೇಕಡಾ ಜನ ದಿನಕ್ಕೆ ಸರಾಸರಿ ಒಂದು ಗಂಟೆ ವ್ಯಾಯಾಮ ಮಾಡುತ್ತಾರೆ. ಇಳಿಸುವಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ವ್ಯಾಯಾಮ, ಇಳಿದದ್ದು ಮತ್ತೆ ಏರದಂತೆ ಕಾಯುವಾಗ ಮುಂದಿನ ಸಾಲಿಗೆ ಬರುತ್ತದೆ. ಅದರ ನಿಜವಾದ ಕೆಲಸ ಶುರುವಾಗುವುದೇ ಸರ್ಟಿಫಿಕೇಟ್ ಕೈಗೆ ಬಂದ ಮಾರನೇ ದಿನ. ಅಷ್ಟು ಹೊತ್ತಿಗೆ ನಮ್ಮ ಕುರ್ಚಿಗಳನ್ನು ಮಡಚಿ ಇಟ್ಟಾಗಿರುತ್ತದೆ. ಬಿಸಿಲಿರುವ ತನಕ ಕೊಡೆ ಬಾಡಿಗೆಗೆ ಕೊಟ್ಟು, ಮಳೆ ಶುರುವಾದಾಗ ವಾಪಸ್ ತೆಗೆದುಕೊಂಡು ಹೋದ ಹಾಗೆ.

ಗುಂಪಿನ ಬಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. 1999ರ ಒಂದು ಅಧ್ಯಯನದಲ್ಲಿ ಗೆಳೆಯರ ಜೊತೆ ಸೇರಿದವರಿಗೆ, ಗುಂಪಿನ ಆಸರೆಯನ್ನೂ ಕೊಟ್ಟು ನೋಡಿದರು. ಅವರಲ್ಲಿ 95 ಶೇಕಡಾ ಜನ ಕಾರ್ಯಕ್ರಮ ಮುಗಿಸಿದರು. ಒಂಟಿಯಾಗಿ ಬಂದು, ಮಾಮೂಲಿ ತರಗತಿ ಕೇಳಿದವರಲ್ಲಿ 76. ಇಳಿದ ತೂಕವನ್ನು ಪೂರ್ತಿ ಉಳಿಸಿಕೊಂಡವರು ಮೊದಲಿನವರಲ್ಲಿ 66 ಶೇಕಡಾ, ಎರಡನೆಯವರಲ್ಲಿ 24. ಜೊತೆಗೊಬ್ಬರು ಕಾಯುತ್ತಿದ್ದಾರೆ ಎಂದರೆ ಮನುಷ್ಯ ಹಾಸಿಗೆ ಬಿಟ್ಟು ಏಳುತ್ತಾನೆ, ಅಲ್ವಾ? ಆದ್ದರಿಂದ ಸಮಾರೋಪದಲ್ಲಿ ನಾನೇ ಎದ್ದು ನಿಂತು, ‘ಮೇಡಂ, ಇನ್ನು ಮುಂದೆ ಎಲ್ಲರೂ ಒಟ್ಟಿಗೆ ವಾಕಿಂಗ್ ಮಾಡೋಣ’ ಎಂದೆ. ಜೋರಾಗಿ ಚಪ್ಪಾಳೆ ಬಿತ್ತು. ‘ಒಳ್ಳೆ ಐಡಿಯಾ ಸರ್, ಆದ್ರೆ ನಮ್ಮ ಪ್ಯಾಕೇಜಲ್ಲಿ ಇಲ್ಲ. ಮುಂದಿನ ಬ್ಯಾಚ್‌ಗೆ ಸೇರ್ಕೊಳ್ಳಿ, ಹಳಬರಿಗೆ ರಿಯಾಯಿತಿ ಇದೆ’ ಎಂದರು ಮೇಡಂ. ಮತ್ತೆ ಏರಿಸಿಕೊಂಡು ಬರುವವರಿಗೆ ರಿಯಾಯಿತಿ!

ನಾವೇ ಫೋನಿನಲ್ಲಿ ಹೊಸ ಗ್ರೂಪ್ ಮಾಡಿದೆವು. ಹೆಸರೇನಿಡಬೇಕು ಎಂಬುದಕ್ಕೆ ಅರವತ್ತನಾಲ್ಕು ಮೆಸೇಜ್. ಟೀ-ಶರ್ಟಿನ ಬಣ್ಣಕ್ಕೆ ವೋಟಿಂಗ್. ನಾಳೆ ಬೆಳಿಗ್ಗೆ ಆರಕ್ಕೆ ಪಾರ್ಕಿನ ಗೇಟಿನ ಹತ್ತಿರ ಎಂದು ಇಪ್ಪತ್ತೆರಡು ಜನ ಹೆಬ್ಬೆರಳು ಎತ್ತಿದರು.

ಬೆಳಿಗ್ಗೆ ಆರಕ್ಕೆ ಗೇಟಿನ ಹತ್ತಿರ ಇದ್ದವರು ಇಬ್ಬರು. ನಾನು, ಮೇಷ್ಟ್ರು. ಮೇಷ್ಟ್ರು ಗ್ರೂಪಿನಲ್ಲೇ ಇರಲಿಲ್ಲ, ಅವರು ದಿನಾ ಬರುವ ಹೊತ್ತು ಅದು. ‘ಬೇರೆಯವರು ಬರ್ತಾರೆ ಮೇಷ್ಟ್ರೇ, ಒಂದೈದು ನಿಮಿಷ ಕಾಯೋಣ’ ಎಂದೆ. ಅವರು ನಕ್ಕು ನಡೆಯಲು ಶುರು ಮಾಡಿದರು. ನಾನು ಹೊರಡುವ ಮುಂಚೆ ವಾಚು ಒತ್ತಿದೆ. ಕಪ್ಪು ಪರದೆ. ರಾತ್ರಿ ಚಾರ್ಜ್‌ಗೆ ಹಾಕುವುದು ಮರೆತಿದ್ದೆ. ಈಗ ನಡೆದರೆ ಒಂದು ಹೆಜ್ಜೆಯೂ ಲೆಕ್ಕಕ್ಕೆ ಬರುವುದಿಲ್ಲವಲ್ಲ, ವಾಪಸ್ ಹೋಗಿ ಚಾರ್ಜ್ ಮಾಡಿಕೊಂಡು ಬರಲಾ ಎಂದು ಯೋಚಿಸುತ್ತಾ ಗೇಟಿನಲ್ಲೇ ನಿಂತೆ. ಮೇಷ್ಟ್ರು ಅಷ್ಟು ಹೊತ್ತಿಗೆ ತಿರುವು ದಾಟಿದ್ದರು.