ಕಂಬೈನ್ಡ್ ಸೈಕಲ್ ಸ್ಥಾವರಗಳಿಗೆ ಇಂಧನ ಕೋಶವನ್ನೂ ಜೋಡಿಸಬೇಕೇ?

ಪರ: ಬೆಂಕಿಗೆ ಮುಂಚೆಯೇ ವಿದ್ಯುತ್ ತೆಗೆಯೋಣ

ಹಳೆಯ ಕಲ್ಲಿದ್ದಲು ಸ್ಥಾವರದೊಳಗೆ ನೂರು ಪಾಲು ಶಕ್ತಿ ಹೋದರೆ ವಿದ್ಯುತ್ತಾಗಿ ಹೊರಬರುವುದು ಸುಮಾರು 35 ಪಾಲು. ಉಳಿದದ್ದೆಲ್ಲ ಚಿಮಣಿಯಿಂದ, ತಂಪುಗೋಪುರದಿಂದ ಗಾಳಿಗೆ ಸೇರುತ್ತದೆ. ಇದನ್ನು ಅನಿವಾರ್ಯವೆಂದು ಒಪ್ಪಿಕೊಳ್ಳಲು ನನಗೆ ಮನಸ್ಸಾಗುವುದಿಲ್ಲ.

ಕಂಬೈನ್ಡ್ ಸೈಕಲ್ ಈ ಸೋರಿಕೆಗೆ ದೊಡ್ಡ ತಡೆಯೊಡ್ಡಿತು. ಅನಿಲ ಟರ್ಬೈನಿನಿಂದ ಹೊರಬೀಳುವ ಹೊಗೆ 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಅದರಿಂದಲೇ ನೀರು ಕಾಯಿಸಿ ಉಗಿ ಟರ್ಬೈನ್ ತಿರುಗಿಸುತ್ತಾರೆ. ಮೊದಲನೆಯದು 40 ಪಾಲು ತೆಗೆದರೆ, ಉಳಿದ 60ರ ಮೂರನೇ ಒಂದು ಭಾಗವನ್ನು ಎರಡನೆಯದು ದಕ್ಕಿಸಿಕೊಳ್ಳುತ್ತದೆ, ಒಟ್ಟು 60. ಫ್ರಾನ್ಸಿನ ಬುಶೇನ್ ಸ್ಥಾವರ 2016ರಲ್ಲಿ ಶೇ. 62.22ರ ದಕ್ಷತೆ ಮುಟ್ಟಿತು.

ಅಲ್ಲಿಂದಾಚೆಗೆ ದಾರಿ ಕಡಿದಾಗುತ್ತದೆ. ದಕ್ಷತೆ ಏರಬೇಕಾದರೆ ಜ್ವಾಲೆಯ ಉಷ್ಣತೆ ಏರಬೇಕು. ಈಗಾಗಲೇ ಟರ್ಬೈನಿನ ಅಲಗುಗಳು ತಮ್ಮ ಲೋಹವೇ ಕರಗುವಷ್ಟು ಬಿಸಿಯಾದ ಅನಿಲವನ್ನು ಎದುರಿಸುತ್ತಿವೆ. ಒಳಗೆ ಹರಿಯುವ ತಂಪುಗಾಳಿಯಿಂದಷ್ಟೇ ಉಳಿದುಕೊಂಡಿವೆ. ಇಂಧನ ಕೋಶದಲ್ಲಿ ಜ್ವಾಲೆಯೇ ಇಲ್ಲ. ಅದು ರಾಸಾಯನಿಕ ಶಕ್ತಿಯನ್ನು ನೇರವಾಗಿ ವಿದ್ಯುತ್ತಾಗಿಸುವುದರಿಂದ, ಶಾಖದಲ್ಲಿ ಎಷ್ಟು ಪಾಲನ್ನು ಕೆಲಸವಾಗಿಸಬಹುದೆಂದು 1824ರಲ್ಲಿ ಫ್ರೆಂಚ್ ಎಂಜಿನಿಯರ್ ಸಾದಿ ಕಾರ್ನೋ ಶಾಖಯಂತ್ರಗಳಿಗೆ ತೋರಿಸಿಕೊಟ್ಟ ಮಿತಿ ಅದಕ್ಕೆ ತಾಗುವುದಿಲ್ಲ. ಸೆರಾಮಿಕ್ಕಿನಿಂದ ಮಾಡಿದ ಘನ ಆಕ್ಸೈಡ್ ಎಂಬ ಬಗೆಯ ಕೋಶವಂತೂ 600ರಿಂದ 1,000 ಡಿಗ್ರಿಯಲ್ಲಿ ಕೆಲಸ ಮಾಡುತ್ತದೆ. ಅದು ಬಿಟ್ಟುಕೊಡುವ ಶಾಖ ಟರ್ಬೈನಿಗೆ ಹೇಳಿ ಮಾಡಿಸಿದಂತಿದೆ. ಕೋಶ ಮುಂದೆ, ಟರ್ಬೈನ್ ಹಿಂದೆ: ಕೋಶದಲ್ಲಿ ಮಿಕ್ಕ ಇಂಧನವೂ ಟರ್ಬೈನಿನ ಪಾಲಿಗೆ.

ಕ್ಯಾಲಿಫೋರ್ನಿಯಾದ ಅರ್ವೈನಿನಲ್ಲಿ 2000ದ ಸುಮಾರಿಗೆ ಇಂಥ 220 ಕಿಲೋವ್ಯಾಟ್ ಜೋಡಿ ನಡೆಯಿತು, ದಕ್ಷತೆ ಶೇ. 50ನ್ನು ದಾಟಿತು. ಅಷ್ಟು ಪುಟ್ಟ ಟರ್ಬೈನ್ ಒಂಟಿಯಾಗಿದ್ದರೆ ಶೇ. 30 ಮುಟ್ಟುವುದೇ ಕಷ್ಟ. ದೊಡ್ಡ ಗಾತ್ರದಲ್ಲಿ ಶೇ. 70ರ ಗುರಿ ಹಗಲುಗನಸಲ್ಲ.

ವಿರೋಧ: ಮೊದಲು ದೊಡ್ಡ ತೂತನ್ನು ಮುಚ್ಚೋಣ

ಈ ಲೆಕ್ಕಗಳನ್ನು ನಾನು ಅಲ್ಲಗಳೆಯುವುದಿಲ್ಲ. ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ಮಾಡಿ ನೋಡುತ್ತೇನೆ. ನೂರು ಪಾಲು ವಿದ್ಯುತ್ ಬೇಕೆನ್ನಿ. ಶೇ. 35 ದಕ್ಷತೆಯ ಸ್ಥಾವರಕ್ಕೆ 286 ಪಾಲು ಇಂಧನ ಬೇಕು, ಶೇ. 60ರದ್ದಕ್ಕೆ 167, ಶೇ. 70ರದ್ದಕ್ಕೆ 143. ಮೊದಲ ಹೆಜ್ಜೆಯಲ್ಲಿ 119 ಪಾಲು ಉಳಿಯುತ್ತದೆ, ಎರಡನೆಯದರಲ್ಲಿ 24 ಮಾತ್ರ. ಮೊದಲ ಹೆಜ್ಜೆಗೆ ಬೇಕಾದ ಯಂತ್ರಗಳು ದಶಕಗಳಿಂದ ಪಳಗಿವೆ. ಶೇ. 35ರ ಸ್ಥಾವರಗಳು ಇನ್ನೂ ಓಡುತ್ತಿರುವಾಗ ಹಣವನ್ನೂ ಎಂಜಿನಿಯರುಗಳನ್ನೂ ಎರಡನೆಯ ಹೆಜ್ಜೆಗೆ ಸುರಿಯುವುದು ನನಗೆ ಸರಿಯೆನಿಸುವುದಿಲ್ಲ.

ಗಾತ್ರದ ಮಾತೂ ಇದೆ. ಬುಶೇನ್ 600 ಮೆಗಾವ್ಯಾಟಿನ ಸ್ಥಾವರ, ಅರ್ವೈನಿನದು 220 ಕಿಲೋವ್ಯಾಟ್. ಎರಡೂವರೆ ಸಾವಿರ ಪಟ್ಟಿಗೂ ಮೀರಿದ ಅಂತರ! ಟರ್ಬೈನನ್ನು ಹಿಗ್ಗಿಸಬಹುದು, ಒಂದು ವೋಲ್ಟಿನಷ್ಟೂ ಕೊಡದ ಕೋಶಗಳನ್ನು ಒಂದರ ಮೇಲೊಂದು ಪೇರಿಸುತ್ತಲೇ ಹೋಗಬೇಕು. ಪ್ರತಿಯೊಂದೂ ತೆಳು ಸೆರಾಮಿಕ್ ಹಾಳೆ. ಬೇಗ ಬಿಸಿಯಾದರೂ ಬೇಗ ತಣಿದರೂ ಬಿರುಕು ಬಿಡುತ್ತದೆ. ಇಂಧನದಲ್ಲಿ ಗಂಧಕದ ಸೋಂಕಿದ್ದರೆ ನಿಕ್ಕಲ್ ವಿದ್ಯುದ್ವಾರ ಮಂಕಾಗುತ್ತದೆ. ಕೋಶಗಳ ಸಾಮರ್ಥ್ಯ ವರ್ಷದಿಂದ ವರ್ಷಕ್ಕೆ ಕುಗ್ಗಿ, ಸ್ಥಾವರದ ಆಯಸ್ಸು ಮುಗಿಯುವುದರೊಳಗೆ ಅವನ್ನು ಮತ್ತೆ ಮತ್ತೆ ಬದಲಿಸಬೇಕಾಗುತ್ತದೆ.

ಇದಕ್ಕಿಂತ ನನ್ನನ್ನು ಕಾಡುವುದು ಸಂಜೆಯ ಹೊತ್ತು. ಸೌರ ವಿದ್ಯುತ್ ಇಳಿಯುತ್ತಿದ್ದಂತೆ ಅನಿಲ ಸ್ಥಾವರ ಥಟ್ಟನೆ ಏರಿ ಆ ಜಾಗ ತುಂಬಬೇಕು; ಗಂಟೆಗಟ್ಟಲೆ ಹದವಾಗಿ ಕಾಯಿಸಬೇಕಾದ ಕೋಶ ಆ ಓಟಕ್ಕೆ ಒಗ್ಗುವುದಿಲ್ಲ. ಹೊರೆ ಹಠಾತ್ತನೆ ಕಳಚಿದರೆ ಇನ್ನೂ ಕಷ್ಟ. ಗಾಳಿಯನ್ನು ಒತ್ತಿ ಒಳಗೆ ಕಳಿಸುವ ಕಂಪ್ರೆಸರಿಗೂ ಟರ್ಬೈನಿಗೂ ನಡುವೆ ಕೋಶಗಳ ದೊಡ್ಡ ಕೋಣೆಯಿರುವುದರಿಂದ ಅಲ್ಲಿ ತುಂಬಿದ ಒತ್ತಡದ ಗಾಳಿ ಹಿಂದಕ್ಕೆ ನುಗ್ಗಿ ಕಂಪ್ರೆಸರನ್ನೇ ಅಲುಗಾಡಿಸಬಲ್ಲದು.

ಹಗಲಿರುಳು ಒಂದೇ ಹೊರೆಯಿರುವ ದತ್ತಾಂಶ ಕೇಂದ್ರದಲ್ಲೋ, ಬಿಸಿನೀರೂ ಬೇಕಾದ ಆಸ್ಪತ್ರೆಯಲ್ಲೋ ಕೋಶ ಟರ್ಬೈನಿನ ಹಂಗಿಲ್ಲದೆ ತಾನೇ ದುಡಿಯಲಿ. ಅಲ್ಲಿ ಅದನ್ನು ಯಾರೂ ಸಂಜೆ ಓಡು ಎಂದು ಅವಸರಿಸುವುದಿಲ್ಲ.