ಪಾಸ್‌ಪೋರ್ಟಲ್ಲಿ ಎಕ್ಸ್‌ಪೈರಿ ಇನ್ನೂ ಇದೆ ಅಂತ ನಂಬ್ಕೊಂಡು ಹೊರಡ್ಬೇಡಿ

"ನಿಮ್ಮ ಯುರೋಪಲ್ಲಿ ಬಾರ್ಡರೇ ಇಲ್ವಂತಲ್ಲಪ್ಪಾ, ಬೆಳಗ್ಗೆ ಜರ್ಮನಿ, ಮಧ್ಯಾಹ್ನ ಫ್ರಾನ್ಸು, ಎಲ್ಲ ಒಂದೇ ವೀಸಾನಲ್ಲಿ" ಅಂತ ಊರಿಂದ ಫೋನ್ ಮಾಡೋರೆಲ್ಲ ಹೇಳ್ತಾರೆ. ಅರ್ಧ ನಿಜ. ಒಳಗೊಳಗೆ ಬಾರ್ಡರ್ ಚೆಕಿಂಗ್ ತೆಗೆದುಹಾಕಿ, ಒಂದೇ ವೀಸಾ ಇಟ್ಕೊಂಡಿರೋ ಯುರೋಪಿನ ದೇಶಗಳ ಗುಂಪಿಗೆ ಶೆಂಗೆನ್ ಅಂತಾರೆ, ಅದರೊಳಗೆ ಈಗ 29 ದೇಶ ಇದೆ, ಬಲ್ಗೇರಿಯಾ ರೊಮೇನಿಯಾ 2025ರ ಜನವರಿಲಿ ಪೂರ್ತಿಯಾಗಿ ಸೇರ್ಕೊಂಡ್ವು. ಆದ್ರೆ ಬಾರ್ಡರ್ ಇಲ್ಲ ಅನ್ನೋದು ಸುಳ್ಳು, ಇದೆ, ಜಾಗ ಬದಲಾಯಿಸ್ಕೊಂಡಿದೆ ಅಷ್ಟೆ. ರಸ್ತೇಲಿದ್ದಿದ್ದು ಈಗ ಏರ್‌ಪೋರ್ಟಿನ ಚೆಕ್-ಇನ್ ಕೌಂಟರಿಗೆ ಬಂದು ಕೂತಿದೆ, ಅಲ್ಲಿ ಕೂತಿರೋರು ಪೊಲೀಸರಲ್ಲ, ಏರ್‌ಲೈನ್ ಕಡೆ ಹುಡುಗ ಹುಡುಗೀರು.

ಇದು ಚೆನ್ನಾಗಿ ಅರ್ಥ ಆಗ್ಬೇಕು ಅಂದ್ರೆ ಬ್ರಿಟಿಷರ ಪಾಡು ನೋಡ್ಬೇಕು. ಬ್ರೆಕ್ಸಿಟ್ ಆದ್ಮೇಲೆ, ಅಂದ್ರೆ ಬ್ರಿಟನ್ ಯುರೋಪಿಯನ್ ಯೂನಿಯನ್ ಬಿಟ್ಟು ಹೊರಗೆ ಬಂದ್ಮೇಲೆ, ಅವ್ರೂ ನಮ್ ಥರಾನೇ ಹೊರಗಿನೋರು, ವೀಸಾ ಬೇಡ ಅನ್ನೋದೊಂದು ಬಿಟ್ರೆ. ಹೊರಗಿನೋರಿಗೆ ಶೆಂಗೆನ್ ರೂಲು ಎರಡು: ಒಳಗೆ ಬರೋ ದಿನಕ್ಕೆ ಪಾಸ್‌ಪೋರ್ಟ್ ಕೊಟ್ಟು 10 ವರ್ಷ ದಾಟಿರಬಾರದು, ವಾಪಸ್ ಹೋಗೋ ದಿನದಿಂದ ಮುಂದಕ್ಕೆ ಇನ್ನೂ 3 ತಿಂಗಳು ವ್ಯಾಲಿಡಿಟಿ ಇರ್ಬೇಕು. ತೊಂದರೆ ಏನಪ್ಪಾ ಅಂದ್ರೆ 2018ರ ಸೆಪ್ಟೆಂಬರ್ ತನಕ ಬ್ರಿಟನ್‌ನಲ್ಲಿ ಹಳೇ ಪಾಸ್‌ಪೋರ್ಟ್ ಮುಗಿಯೋಕೆ ಮುಂಚೆನೇ ರಿನೀವ್ ಮಾಡಿಸಿದ್ರೆ ಉಳಿದಿದ್ದ ತಿಂಗಳುಗಳನ್ನ, 9 ತಿಂಗಳವರೆಗೂ, ಹೊಸದಕ್ಕೆ ಸೇರಿಸಿ ಕೊಡ್ತಿದ್ರು, ಹಂಗಾಗಿ ಹತ್ತು ವರ್ಷ ಒಂಬತ್ತು ತಿಂಗಳ ಪಾಸ್‌ಪೋರ್ಟುಗಳು ಎಷ್ಟೋ ಜನರ ಕೈಲಿದಾವೆ. ಎಕ್ಸ್‌ಪೈರಿ ತಾರೀಖು ಮುಂದೆ ಇದೆ, ಟಿಕೆಟ್ ಆಗಿದೆ, ಹೋಟೆಲ್ ಬುಕ್ ಆಗಿದೆ, ಮಕ್ಕಳು ಸ್ಪೇನ್ ಬೀಚು ಅಂತ ಕುಣೀತಾ ಇದಾವೆ, ಕೌಂಟರಲ್ಲಿ ಮೊದಲನೇ ಪುಟ ತಿರುಗಿಸಿ ಕೊಟ್ಟ ತಾರೀಖು ನೋಡಿ "ಸಾರಿ ಸರ್" ಅಂತಾರೆ, ಅಲ್ಲಿಗೆ ರಜೆ ಮುಗೀತು. ಕೆಲವು ಏರ್‌ಲೈನ್‌ನೋರಂತೂ ಆ ಎರಡು ರೂಲನ್ನೂ ಕಲಸಿ ತಾವೇ ಮೂರನೇ ರೂಲ್ ಮಾಡ್ಕೊಂಡು, ಸರಿಯಾಗಿರೋ ಪಾಸ್‌ಪೋರ್ಟ್ ಇದ್ದೋರನ್ನೂ ವಾಪಸ್ ಕಳಿಸಿದಾರೆ. (ಜಗತ್ತಿಗೆಲ್ಲ ವೀಸಾ ಫಾರಂ ತುಂಬಿಸ್ದೋರು ಇವರು, ಒಳಗೊಳಗೇ ಸ್ವಲ್ಪ ನಗು ಬರುತ್ತೆ, ಬಂದಿದ್ದನ್ನ ಬರಲ್ಲ ಅಂತ ಯಾಕೆ ಹೇಳ್ಲಿ.)

ಕೌಂಟರಲ್ಲಿರೋರ್ನ ಬೈದೂ ಪ್ರಯೋಜನ ಇಲ್ಲ. ಪೇಪರ್ ಸರಿ ಇಲ್ದೆ ಇರೋರನ್ನ ಹತ್ತಿಸ್ಕೊಂಡು ಬಂದ್ರೆ ಏರ್‌ಲೈನ್‌ಗೇ ದಂಡ ಹಾಕ್ಬೇಕು ಅಂತ 2001ರಲ್ಲೇ ಯುರೋಪಿಯನ್ ಯೂನಿಯನ್ ಕಾನೂನು ಮಾಡಿಟ್ಟಿದೆ, ಒಬ್ಬರಿಗೆ ಸಾವಿರಾರು ಯೂರೋ ಲೆಕ್ಕ, ವಾಪಸ್ ಕರ್ಕೊಂಡ್ ಹೋಗೋ ಖರ್ಚೂ ಅವ್ರದ್ದೇ. ಅಂದ್ಮೇಲೆ ಡೌಟ್ ಬಂದ್ರೆ ಬೇಡ ಅನ್ನೋದೇ ಅವ್ರಿಗೆ ಸೇಫು. ನನ್ನ ಕೋಪ ಇರೋದು ಅಲ್ಲೇ. ಒಳಗೆ ಬಿಡ್ಬೇಕಾ ಬೇಡ್ವಾ ಅನ್ನೋದು ಸರ್ಕಾರ ಮಾಡ್ಬೇಕಾದ ತೀರ್ಮಾನ, ಅದನ್ನ ಬ್ಯಾಗ್ ತೂಕ ಮಾಡೋರ ತಲೆ ಮೇಲೆ ಹಾಕಿ ದಂಡದ ಭಯ ತೋರಿಸಿದ್ರೆ ಏನಾಗುತ್ತೆ? ಬಾರ್ಡರ್ ಪೊಲೀಸಿನೋರ ಮುಂದೆ ನಿಂತ್ರೆ ಅವ್ರು ರೂಲ್ ಬುಕ್ಕಾದ್ರೂ ತೆಗೆದು ನೋಡ್ತಾರೆ, ಇಲ್ಲಿ ಫ್ಲೈಟ್ ಗೇಟ್ ಮುಚ್ಚೋಕೆ ಮುಂಚೆ ವಾದ ಮಾಡೋಕೆ ಟೈಮೇ ಇರಲ್ಲ.

ಇನ್ನು ಇಲ್ಲಿ ಜರ್ಮನೀಲಿರೋ ನಮ್ಮಂಥ ಇಂಡಿಯನ್ ಪಾಸ್‌ಪೋರ್ಟಿನೋರ ವಿಷಯ. ಜರ್ಮನಿ ರೆಸಿಡೆನ್ಸ್ ಪರ್ಮಿಟ್ ಇದ್ರೆ ಬೇರೆ ಶೆಂಗೆನ್ ದೇಶಗಳಿಗೆ ವೀಸಾ ಇಲ್ದೆ ಹೋಗ್ಬಹುದು, ಯಾವುದೇ 180 ದಿನದಲ್ಲಿ ಹೆಚ್ಚಂದ್ರೆ 90 ದಿನ. ಆದ್ರೆ ಆ ಕಾರ್ಡೊಂದೇ ಜೇಬಲ್ಲಿ ಇಟ್ಕೊಂಡು ಹೋಗೋ ಹಾಗಿಲ್ಲ, ಜೊತೆಗೆ ಪಾಸ್‌ಪೋರ್ಟ್ ಇರ್ಲೇಬೇಕು. ಪಕ್ಕದ ಮನೆ ಜರ್ಮನ್ ಅಜ್ಜ ಐಡಿ ಕಾರ್ಡ್ ತಗೊಂಡು ಇಟಲಿಗೆ ಹೋಗ್ಬಿಟ್ ಬರ್ತಾರೆ, ಅವ್ರನ್ನ ನೋಡಿ ನಾವೂ ಹಂಗೇ ಮಾಡಿದ್ರೆ ಕಷ್ಟ. 2024ರ ಸೆಪ್ಟೆಂಬರಿಂದ ಜರ್ಮನಿ ತನ್ನ ಎಲ್ಲಾ ರೋಡ್, ರೈಲ್ ಬಾರ್ಡರಲ್ಲೂ ಚೆಕಿಂಗ್ ಶುರು ಮಾಡಿದೆ, ಆಸ್ಟ್ರಿಯಾದ ಸಾಲ್ಜ್‌ಬರ್ಗಿಂದ ಮ್ಯೂನಿಕ್‌ಗೆ ಬರೋ ರೈಲಲ್ಲಿ ಪೊಲೀಸಿನೋರು ಹತ್ತಿ ಪಾಸ್‌ಪೋರ್ಟ್ ಕೇಳ್ತಾರೆ. ಹಂಗಂತ ಆ ಅಜ್ಜಂಗೂ ಎಲ್ಲಾ ಕಡೆ ಸಲೀಸಲ್ಲ, ಲಂಡನ್‌ಗೆ ಹೋಗೋಕೆ 2021ರ ಅಕ್ಟೋಬರಿಂದ ಅವ್ರ ಐಡಿ ಕಾರ್ಡ್ ನಡೆಯಲ್ಲ, ಪಾಸ್‌ಪೋರ್ಟೇ ಬೇಕು, ಈಗ ಮೊದಲೇ ಆನ್‌ಲೈನಲ್ಲಿ ದುಡ್ಡು ಕಟ್ಟಿ ಪರ್ಮಿಷನ್ನೂ ತಗೋಬೇಕು.

ಊರಿಂದ ಅಪ್ಪ ಅಮ್ಮನ್ನ ಕರೆಸ್ಕೊಳ್ಳೋರು ಇದೊಂದು ಓದಿ. ಬಂದ್ಮೇಲೆ ಅವ್ರು ಕೇಳೋದೇ "ಲಂಡನ್ ಇಲ್ಲೇ ಹತ್ರ ಅಲ್ವೇನೋ, ತೋರ್ಸಿಬಿಡೋ" ಅಂತ. ಹತ್ರ ಹೌದು, ವೀಸಾ ಬೇರೆ. ಐರ್ಲೆಂಡ್ ಯೂನಿಯನ್ ಒಳಗಿದ್ರೂ ಶೆಂಗೆನ್ ಅಲ್ಲ, ಸ್ವಿಟ್ಜರ್ಲೆಂಡ್ ಯೂನಿಯನ್ ಅಲ್ದೇ ಇದ್ರೂ ಶೆಂಗೆನ್. ಲಂಡನ್ ವೀಸಾ ಸಿಕ್ಕೇ ಸಿಕ್ತು ಅಂತಿಟ್ಕೊಳ್ಳಿ, ಅವ್ರ ಶೆಂಗೆನ್ ವೀಸಾ ಸಿಂಗಲ್ ಎಂಟ್ರಿ, ಅಂದ್ರೆ ಒಂದೇ ಸಲ ಒಳಗೆ ಬರೋಕೆ ಬಿಡೋದು, ಆಗಿದ್ರೆ ಹೋದ್ಮೇಲೆ ನಿಮ್ಮನೆಗೆ ವಾಪಸ್ ಬರೋಕಾಗಲ್ಲ, ರಿಟರ್ನ್ ಟಿಕೆಟ್ ಫ್ರಾಂಕ್‌ಫರ್ಟಿಂದ ಇದ್ರಂತೂ ಮುಗೀತು ಕಥೆ. ಇದಕ್ಕಿಂತ ತಮಾಷೆ ಅಂಡೋರಾದ್ದು. ಫ್ರಾನ್ಸ್ ಸ್ಪೇನ್ ನಡುವಿನ ಬೆಟ್ಟದ ದೇಶ, ಶೆಂಗೆನ್ ಅಲ್ಲ, ಏರ್‌ಪೋರ್ಟೂ ಇಲ್ಲ, ಹೋಗೋದೂ ಬರೋದೂ ಶೆಂಗೆನ್ ಮೂಲಕಾನೇ, ಬಾರ್ಸಿಲೋನಾದಿಂದ ಡೇ ಟ್ರಿಪ್ ಬಸ್ ಬೇರೆ ಇದೆ. ಸಿಂಗಲ್ ಎಂಟ್ರಿ ವೀಸಾದೋರು ಆ ಬಸ್ ಹತ್ತಿದ್ರೆ ಕಾನೂನು ಪ್ರಕಾರ ವಾಪಸ್ ಬರೋಕೆ ದಾರಿನೇ ಇಲ್ಲ. ಅದಕ್ಕೇ ಅಪ್ಲಿಕೇಶನ್ ಹಾಕೋವಾಗ್ಲೇ ಮಲ್ಟಿಪಲ್ ಎಂಟ್ರಿ ಅಂತ ಟಿಕ್ ಮಾಡ್ಸಿ, ಕೊಡೋದು ಬಿಡೋದು ಎಂಬೆಸಿಯೋರಿಗೆ ಬಿಟ್ಟಿದ್ದು, ವೀಸಾ ಅಂಟಿಸಿ ಪಾಸ್‌ಪೋರ್ಟ್ ಕೈಗೆ ಬಂದ ದಿನಾನೇ ಎಷ್ಟು ಎಂಟ್ರಿ ಕೊಟ್ಟಿದಾರೆ ಅಂತ ನೋಡ್ಕೊಂಡು ಆಮೇಲೆ ಬಸ್ಸೋ ಲಂಡನ್ನೋ ಬುಕ್ ಮಾಡಿ.